ಪಡಿಯಚ್ಚು

ಹುಟ್ಟಿದಾಗ ಏನೂ ಇರಲಿಲ್ಲ.
ಹದಿನೈದನೆಯ ದಿನ, ಎಣ್ಣೆ ಹಚ್ಚುವಾಗ
ಎಡಗಣ್ಣ ರೆಪ್ಪೆಯ ಮೇಲೊಂದು ಚುಕ್ಕಿ.
ಸೊಳ್ಳೆ, ಅಂದಳು ಸುಗಂಧಿ.
ಅಂಕೋಲೆಯಲ್ಲಿ ಸೊಳ್ಳೆಗೇನು ಬರ.

ಸೊಳ್ಳೆ ಕಡಿದದ್ದು ಮೂರು ದಿನಕ್ಕೆ ಇಳಿಯುತ್ತದೆ.
ಇದು ಮೂರು ವಾರಕ್ಕೆ ಗುಂಡಿಯಷ್ಟಾಯಿತು,
ಅಂಗಿಯ ಕಾಲರಿನ ಸಣ್ಣ ಗುಂಡಿ;
ಆಮೇಲೆ ಪ್ಯಾಂಟಿನದು;
ಆಮೇಲೆ ನನ್ನ ಡಬ್ಬಿಯ ಯಾವ ಗುಂಡಿಗೂ ಹೊಂದದೆ
ಅಂಚು ಬಿಟ್ಟುಕೊಂಡು ಬೆಳೆಯಿತು.
ಮುರುಗಲು ಹಣ್ಣು ನೋಡು, ಅಂದಳು ಅಬ್ಬೆ.
ಅದೇ ಕೆಂಪು, ಅದೇ ಉಬ್ಬು,
ಅತ್ತರೆ ಕಪ್ಪಿಗೆ ತಿರುಗುವ ಕೆಂಪು.

ದರ್ಜಿಗೆ ಗೊತ್ತಿರುವುದು ಒಂದೇ ವಿದ್ಯೆ.
ಪ್ರತಿ ಶನಿವಾರ ಅಂಗಡಿ ಮುಚ್ಚಿ ಬಂದು
ಮಲಗಿದ ಮಗುವಿನ ರೆಪ್ಪೆಗೆ ಬಟರ್ ಪೇಪರ್ ಇಟ್ಟು
ಉಸಿರು ಹಿಡಿದು, ಮೆತ್ತನೆ ಪೆನ್ಸಿಲಿನಲ್ಲಿ
ಸುತ್ತ ಗೆರೆ ಎಳೆದೆ. ತಾರೀಖು ಬರೆದೆ.
ಯಾರದೋ ಬ್ಲೌಸಿನ ಅಳತೆಯ ಪಕ್ಕ
ಮೊಳೆಗೆ ಸಿಕ್ಕಿಸಿದೆ.
ಎಲ್ಲರ ಮೈಯೂ ಬೆಳೆಯುತ್ತದೆ, ಅದಕ್ಕೇ
ಎರಡಿಂಚು ಒಳಗೆ ಮಡಚಿ ಹೊಲಿಯುತ್ತೇನೆ.
ಇದಕ್ಕೆ ಮಡಿಕೆ ಬಿಟ್ಟವರಾರು,
ಎಷ್ಟು ಬಿಟ್ಟಿದ್ದಾರೆ?

"ಗ್ರಾಣದ ದಿನ ಕತ್ರಿ ಹಿಡ್ದಿದ್ಯೇನೆ?"
ಅಬ್ಬೆ ಕೇಳಿದ್ದು ಸುಗಂಧಿಯನ್ನು.
ಬಾವಿಕಟ್ಟೆಯಲ್ಲೂ ಕೇಳಿದರು.
ನೊಗಲಿ ಮಾರುವ ದೇವು, ಬುಟ್ಟಿ ಇಳಿಸಿ,
ಮಗುವಿನ ಮುಖದ ಬಟ್ಟೆ ಸರಿಸಿ ಕೇಳಿದಳು.
ಸುಗಂಧಿ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಶಾಲೆ ಶುರುವಾಗುವ ಮುಂಚಿನ ವಾರ ಅದು,
ನಲವತ್ತು ಯೂನಿಫಾರ್ಮು ಬಾಕಿ.
ಕತ್ತರಿ ಹಿಡಿದದ್ದು ನಾನು.
ಅವಳು ನೀಲಿ ಬಟ್ಟೆಯ ಇನ್ನೊಂದು ತುದಿ ಹಿಡಿದಿದ್ದಳು, ಅಷ್ಟೆ,
ಏಳು ತಿಂಗಳ ಹೊಟ್ಟೆಯನ್ನು ಮೇಜಿನಿಂದ ದೂರವಿಟ್ಟು.
ಇದನ್ನು ಯಾರಿಗೂ ಹೇಳಲಿಲ್ಲ.
ಗ್ರಹಣ ಗಿಹಣ ನಂಬುವವನಲ್ಲ ನಾನು.
ನಂಬದವನು
ಹೇಳಿಬಿಡಬಹುದಿತ್ತು.

ನಾಲ್ಕನೆಯ ತಿಂಗಳು ರೆಪ್ಪೆ ಜೋತುಬಿತ್ತು.
ಕಣ್ಣು, ಅರ್ಧ ಶಟರ್ ಎಳೆದ ಅಂಗಡಿ.
ಕಾರವಾರದ ಬಸ್ಸು ಬಿಣಗಾ ಘಟ್ಟ ತಿರುಗಿ
ಸಮುದ್ರ ಥಟ್ಟನೆ ಕಿಟಕಿಗೆ ಬಂದಾಗ
ಮಗು ಒಂದೇ ಕಣ್ಣಲ್ಲಿ ಬೆಳಕು ನೋಡಿತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಅವಸರವಿಲ್ಲದವಳು.
ರಕ್ತನಾಳಗಳ ಗಂಟು, ಸ್ಟ್ರಾಬೆರಿ ಅಂತಾರೆ, ಅಂದಳು.
ನಾವು ಆ ಹಣ್ಣು ತಿಂದವರಲ್ಲ.
ತಾನೇ ಬೆಳೆದು, ನಿಂತು, ತಾನೇ ಇಳಿಯುವ ಜಾತಿ,
ನೂರು ಮಕ್ಕಳಲ್ಲಿ ನಾಲ್ಕೈದಕ್ಕೆ ಬರುತ್ತದೆ;
ಆದರೆ ಮುಚ್ಚಿದ ಕಣ್ಣು
ನೋಡುವುದನ್ನೇ ಕಲಿಯದೆ ಉಳಿದೀತು,
ಇದನ್ನು ಕಾಯುವಂತಿಲ್ಲ.
ನನ್ನ ಹಾಳೆಗಳನ್ನು ಒಂದೊಂದೇ ಬೆಳಕಿಗೆ ಹಿಡಿದಳು.
"ಯಾರ ತಪ್ಪೂ ಅಲ್ಲ" ಅಂದಳು ಕೊನೆಗೆ.
ನಾನು ಸುಗಂಧಿಯ ಕಡೆ ನೋಡಿದೆ.
ಅವಳು ಟೊಪ್ಪಿಯ ದಾರ ಕಟ್ಟುತ್ತಿದ್ದಳು.

ಪಕ್ಕದ ಮನೆ ಬೊಮ್ಮಯ್ಯ ಮಾಸ್ತರರ
ಎದೆಬಡಿತಕ್ಕೆ ಕೊಡುವ ಔಷಧಿಯೇ ಇವಳಿಗೂ;
ಅವರಿಗೆ ಮಾತ್ರೆ, ಇವಳಿಗೆ
ಸೂಜಿಯಿಲ್ಲದ ಸಿರಿಂಜಿನಲ್ಲಿ ಒಂದು ಗೆರೆಯಷ್ಟು ನೀರು.
ಹಾಲು ಕುಡಿಸದೆ ಕೊಡಬಾರದು.
ಆ ರಾತ್ರಿಯೇ ಅಬ್ಬೆಗೆ ಹೇಳಿದೆ: ಕತ್ತರಿ ನನ್ನ ಕೈಲಿತ್ತು.
ಅಬ್ಬೆ ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ.
"ಗಂಡಸ್ರಿಗೆ ಗ್ರಾಣ ಇಲ್ಲ" ಅಂದಳು.

ಆಮೇಲಿನ ಹಾಳೆಗಳಲ್ಲಿ ಗೆರೆ ಒಳಗೊಳಗೆ ಬಂತು.
ನಡುವೆ ಮೊದಲು ಬೂದಿಬಣ್ಣ,
ಬಿಸಿಲಿಗೆ ಹರವಿದ ಮುರುಗಲು ಸಿಪ್ಪೆಯಂತೆ
ಅಂಚು ಮುರುಟಿ, ಉಬ್ಬು ಇಳಿದು,
ಒಂದು ಶನಿವಾರ
ಎಲ್ಲಿಂದ ಗೆರೆ ಶುರು ಮಾಡಲಿ ತಿಳಿಯಲಿಲ್ಲ.

ಈಗ ಮನಸ್ವಿಗೆ ಐದು ವರ್ಷ.
ರೆಪ್ಪೆಯ ಮೇಲೆ, ಹೊಲಿಗೆ ಬಿಚ್ಚಿದ ಜಾಗದಂತೆ
ಒಂದಿಷ್ಟು ಸಡಿಲು ಚರ್ಮ.
ನಿನ್ನೆ ಮೊಳೆಯಿಂದ ಹಾಳೆಗಳ ಕಟ್ಟು ಇಳಿಸಿ
ನೆಲದ ಮೇಲೆ ಸಾಲಾಗಿ ಹರಡಿದಳು:
ಸಣ್ಣದು, ದೊಡ್ಡದು, ಇನ್ನೂ ದೊಡ್ಡದು, ಸಣ್ಣದು.
"ಅಪ್ಪಾ, ಇದ್ಯಾವ ಗೊಂಬೆಯ ಅಂಗಿ?"

ಸುಗಂಧಿ ಕಸಬರಿಗೆ ಹಿಡಿದು ಬಂದವಳು
ಒಂದು ಗಳಿಗೆ ನಿಂತಳು.
ಹಾಳೆಗಳನ್ನು ಬಳಸಿಕೊಂಡು,
ಒಂದೂ ಅಲುಗದ ಹಾಗೆ ಗುಡಿಸಿ
ಒಳಗೆ ಹೋದಳು.